ಮರಗೆತ್ತನೆಯ ಯಂತ್ರವೂ ಮಾತ್ರೆಯ ಲೆಕ್ಕವೂ

ವೃತ್ತವನ್ನು ಕೆತ್ತೆಂದು ಆಜ್ಞಾಪಿಸಿದರೆ ಯಂತ್ರವು ಅಂಡಾಕೃತಿಯನ್ನು ಕೆತ್ತಿ ಮುಂದಿಡುತ್ತದೆ. ಹವ್ಯಾಸಕ್ಕಾಗಿ ಮನೆಯಲ್ಲಿಯೇ ಸಿ.ಎನ್.ಸಿ. ಮರಗೆತ್ತನೆಯ ಯಂತ್ರವನ್ನು ಜೋಡಿಸಿಕೊಂಡವರಲ್ಲಿ ಈ ಸೋಜಿಗವನ್ನು ಕಾಣದವರು ವಿರಳ. ಆಗ ಬಹುಮಂದಿ ಮೊದಲು ಕೈಯಿಕ್ಕುವುದು ಗಣಕದ ಅಂಕಿಗಳಿಗೆ. ದೋಷವಿರುವುದು ಅಲ್ಲಿಯೇ ಹೌದೆ ಎಂದು ವಿಚಾರಿಸುವ ತಾಳ್ಮೆ ಕೆಲವರದು ಮಾತ್ರ.

ಅಂಕಿಗಳ ಆಜ್ಞೆಯಂತೆ ನಡೆಯುವ ಯಂತ್ರವನ್ನು ಅಮೆರಿಕದ ಎಂ.ಐ.ಟಿ. ಸಂಸ್ಥೆಯು 1952ರಲ್ಲಿ ಲೋಕಕ್ಕೆ ತೋರಿಸಿತು. ಬಹುಕಾಲ ಅದು ದೊಡ್ಡ ಕಾರ್ಖಾನೆಗಳ ಸೊತ್ತಾಗಿತ್ತು. 2009ರಲ್ಲಿ ಹೊರಬಂದ ಜಿ.ಆರ್.ಬಿ.ಎಲ್. ಎಂಬ ಮುಕ್ತ ತಂತ್ರಾಂಶವು ಅಂಗೈಯಗಲದ ಆರ್ಡುಯಿನೊ ಫಲಕದಿಂದಲೇ ಅಂಥ ಯಂತ್ರವನ್ನು ನಡೆಸುವ ದಾರಿಯನ್ನು ಸುಲಭಗೊಳಿಸಿತು.

ಈ ಯಂತ್ರದ ನಡೆಗೂ ಛಂದಸ್ಸಿನ ಮಾತ್ರೆಗೂ ಹೋಲಿಕೆಯುಂಟು. ಎರಡೂ ಎಣಿಕೆಯನ್ನೇ ನಂಬಿದುವು. ಸಾಮಾನ್ಯವಾದ ಸ್ಟೆಪ್ಪರ್ ಮೋಟಾರು 200 ಹೆಜ್ಜೆಗಳಲ್ಲಿ ಒಂದು ಸುತ್ತನ್ನು ಮುಗಿಸುತ್ತದೆ. ಒಂದೊಂದು ಹೆಜ್ಜೆಯನ್ನೂ 16 ಪಾಲು ಮಾಡಿದರೆ ಸುತ್ತಿಗೆ 3200 ಕಿರುಹೆಜ್ಜೆಗಳು. ಬೆಲ್ಟಿನ ಹಲ್ಲುಗಳ ಅಂತರ 2 ಮಿ.ಮೀ., ರಾಟೆಯ ಹಲ್ಲುಗಳು 20 ಆದರೆ ಒಂದು ಸುತ್ತಿಗೆ 40 ಮಿ.ಮೀ. ಚಲನೆ, ಅಂದರೆ ಮಿಲಿಮೀಟರಿಗೆ 80. ಆದರೆ ಇಂಥ ಯಂತ್ರಗಳಲ್ಲಿ ಬಹುಪಾಲಿಗೆ ತಮ್ಮ ನಡೆಯನ್ನು ತಾವೇ ನೋಡಿಕೊಳ್ಳುವ ಕಣ್ಣಿಲ್ಲ. ಹೆಜ್ಜೆ ತಪ್ಪಿದರೂ ಎಣಿಕೆ ಮುಂದುವರಿಯುತ್ತದೆ. ಗಂಟೆಗಟ್ಟಲೆ ಕೆತ್ತಿದ ಹಲಗೆ ಕಡೆಯ ಗಳಿಗೆಯಲ್ಲಿ ಹಾಳಾಗುತ್ತದೆ. ಕಡಿದ ಮರವನ್ನು ಮರಳಿ ಕೂಡಿಸುವ ವಿದ್ಯೆ ಯಾರಲ್ಲಿಯೂ ಇಲ್ಲ.

ದೋಷವನ್ನು ಅರಿಯಲು ಸರಳವಾದ ಪರೀಕ್ಷೆಯೊಂದಿದೆ. ಯಂತ್ರದ ದಿಕ್ಕನ್ನು ತಿರುಗಿಸಿ 100 ಮಿ.ಮೀ. ನಡೆಸಿ ಅಳೆಯಬೇಕು, ಹಾಗೆಯೇ ಮತ್ತೊಮ್ಮೆ 200 ಮಿ.ಮೀ. ನಡೆಸಿ ಅಳೆಯಬೇಕು. ಮೊದಲು 2 ಮಿ.ಮೀ. ಇದ್ದ ಕೊರತೆ ಎರಡನೆಯ ಸಲ 4 ಆದರೆ ತಪ್ಪು ಲೆಕ್ಕದ್ದು. ಆಗ 80ನ್ನು 100ರಿಂದ ಗುಣಿಸಿ 98ರಿಂದ ಭಾಗಿಸಿದರೆ ಬರುವ 81.63 ಎಂಬುದೇ ಹೊಸ ಅಂಕಿ. ಎರಡು ಸಲವೂ ಕೊರತೆ ಅಷ್ಟೇ ಆದರೆ ತಪ್ಪು ಸಡಿಲದ್ದು. ವಿದ್ಯುತ್ತನ್ನು ತಪ್ಪಿಸಿ, ಬೆಲ್ಟಿನ ಬಿಗಿತವನ್ನೂ ರಾಟೆಯನ್ನು ದಂಡಕ್ಕೆ ಹಿಡಿದಿಟ್ಟ ಕಿರುತಿರುಪನ್ನೂ ಗಾಲಿಗಳನ್ನೂ ನೋಡಬೇಕು. ಸಡಿಲವನ್ನು ಅಂಕಿಯಿಂದ ಮುಚ್ಚಿದರೆ ಒಂದು ಅಳತೆ ಸರಿಹೋಗಿ ಮಿಕ್ಕವೆಲ್ಲ ಕೆಡುತ್ತವೆ.

ಮರವು ಕರಕಲಾಗುವುದಕ್ಕೆ ಕಾರಣವೇ ಬೇರೆ. ಬಿಟ್ಟಿನ ಬಾಯಿ ಮೊಂಡಾಗಿರಬಹುದು. ಇಲ್ಲವೆ ಅದು ಬಿರುಸಾಗಿ ಸುತ್ತುತ್ತ ಮೆಲ್ಲನೆ ಸರಿಯುತ್ತಿರಬಹುದು. ಹೀಗೆ ಸರಿದರೆ ಅದು ಮರವನ್ನು ಕತ್ತರಿಸದೆ ಉಜ್ಜುತ್ತದೆ. ಉಜ್ಜಿದಲ್ಲಿ ಶಾಖ ಹುಟ್ಟುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವುದು ವಿಹಿತ. ಎರಡನ್ನು ಒಟ್ಟಿಗೆ ಬದಲಿಸಿದವನಿಗೆ ಯಂತ್ರವು ಸರಿಹೋದರೂ ಕಾರಣ ತಿಳಿಯದು.

ಮಾತ್ರೆ ಕೆಟ್ಟ ಪದ್ಯವನ್ನು ಓದುವಾಗ ಸ್ವರವನ್ನೆಳೆದು ಸರಿದೂಗಿಸಬಹುದು. ಕೇಳುವವರ ಕಿವಿಗೆ ದೋಷ ಮರೆಯಾದೀತು; ಪದ್ಯ ಮಾತ್ರ ತಿದ್ದಿದಂತಾಗದು. ತಪ್ಪು ಲೆಕ್ಕದ್ದೋ ಸಡಿಲದ್ದೋ ಎಂದು ಬಗೆದು ನೋಡುವ ಬುದ್ಧಿ ಬಂದವನ ಕೈಯಲ್ಲಿ ಮೂಕವಾದ ಯಂತ್ರವೂ ಗುರುವಾಗುತ್ತದೆ.