ಜಾಡಿಲ್ಲದ ಹಿಮಕ್ಕೆ ಬೆಟ್ಟದ ಸ್ಕೀ

ಓಸ್ಲೋದಿಂದ ಬರ್ಗೆನ್‌ಗೆ ಹೋಗುವ ರೈಲು ಫಿನ್ಸೆಯಲ್ಲಿ ನಿಂತಾಗ ಬೆನ್ನಚೀಲ ಹೊತ್ತವರ ಗುಂಪೇ ಇಳಿಯುತ್ತದೆ. ಸಮುದ್ರಮಟ್ಟದಿಂದ 1,222 ಮೀಟರ್ ಎತ್ತರದ ಈ ಊರಿಗೆ ಮೋಟಾರು ರಸ್ತೆಯಿಲ್ಲ. ದಕ್ಷಿಣಕ್ಕೆ ಹಾರ್ಡಾಂಗರ್‌ವಿಡ್ಡ, ಮರಗಳಿಲ್ಲದ ಬೋಳು ಪ್ರಸ್ಥಭೂಮಿ. ಚಳಿಗಾಲದಲ್ಲಿ ಅದನ್ನು ದಾಟಲು ಕಾಲಿಗೆ ಸ್ಕೀ ಕಟ್ಟಲೇಬೇಕು.

ಸ್ಕೀ ಎಲ್ಲವೂ ಒಂದೇ ಎಂದುಕೊಳ್ಳಬೇಡಿ. ಯಂತ್ರ ಕೊರೆದ ಜಾಡಿನಲ್ಲಿ ಓಡುವ ಸ್ಕೀಯ ಅಗಲ ಸುಮಾರು ನಾಲ್ಕೂವರೆ ಸೆಂಟಿಮೀಟರ್; ಹಗುರ, ಚುರುಕು. ಜಾಡು ಬಿಟ್ಟರೆ ಅದು ಸಡಿಲ ಹಿಮದಲ್ಲಿ ಹೂತುಹೋಗುತ್ತದೆ, ಗಾಳಿಗೆ ಗಟ್ಟಿಯಾದ ಇಳಿಜಾರಿನಲ್ಲಿ ಜಾರುತ್ತದೆ. ಅದಕ್ಕೇ ನಾರ್ವೆಯವರು ‘ಫಿಯೆಲ್‌ಶೀ’, ಅಂದರೆ ಬೆಟ್ಟದ ಸ್ಕೀ, ಬಳಸುತ್ತಾರೆ. ಅದರ ನಡುಭಾಗ ಆರು ಸೆಂಟಿಮೀಟರ್ ಆಸುಪಾಸು. ತುದಿ ಇನ್ನೂ ಅಗಲ. ಅಂಚಿಗೆ ಉಕ್ಕಿನ ಪಟ್ಟಿ.

ಆರಿಸುವಾಗ ಮುಖ್ಯವಾಗಿ ನೋಡಬೇಕಾದ್ದು ಬಿಲ್ಲಿನಂಥ ಬಾಗು. ಭಾರ ಎರಡೂ ಕಾಲಿಗೆ ಹಂಚಿದಾಗ ನಡುಭಾಗ ನೆಲಕ್ಕೆ ಒತ್ತಬಾರದು. ಒಂದೇ ಕಾಲಿನ ಮೇಲೆ ನಿಂತು ಒದ್ದಾಗ ಒತ್ತಬೇಕು. ಆಗ ಅಲ್ಲಿ ಬಳಿದ ಮೇಣ ಹಿಮವನ್ನು ಕಚ್ಚಿ ನಿಮ್ಮನ್ನು ಮುಂದೆ ದೂಡುತ್ತದೆ. ಲೆಕ್ಕ ಹಾಕುವಾಗ ಚೀಲದ ತೂಕವನ್ನೂ ಸೇರಿಸಿಕೊಳ್ಳಿ. ಕಡಿದಾದ ಏರಿಗೆಂದು ಸ್ಕೀಯ ಅಡಿಗೆ ಅಂಟಿಸುವ ರೋಮದ ಪಟ್ಟಿ ಜೊತೆಗಿರಲಿ.

ಇಷ್ಟೆಲ್ಲ ಎಚ್ಚರಿಕೆ ಯಾಕೆ? 1911ರಲ್ಲಿ ದಕ್ಷಿಣ ಧ್ರುವ ತಲುಪಿದ ರೋಲ್ಡ್ ಅಮುಂಡ್‌ಸೆನ್, 1896ರ ಚಳಿಗಾಲದಲ್ಲಿ ಅಣ್ಣನೊಡನೆ ಇದೇ ಬಯಲು ದಾಟಲು ಹೋಗಿ ಬಿರುಗಾಳಿಗೆ ಸಿಕ್ಕಿ, ಹಿಮದಡಿ ಹೂತು, ಸಾವಿನ ಬಾಯಿಂದ ಪಾರಾಗಿ ಬಂದಿದ್ದ. ಅಂಥವನಿಗೇ ಹಾಗಾದರೆ ನಮ್ಮ ನಿಮ್ಮ ಪಾಡೇನು? ಒಳ್ಳೆಯ ಸ್ಕೀ ಬೇಕಾದ್ದು ದೂರ ಹೋಗಲು ಮಾತ್ರವಲ್ಲ; ಹವೆ ಕೆಟ್ಟಾಗ ತಿರುಗಿ ಬರಲು ಸಹ.