ಚುಂದನ ಊರಿನ ಮೇಲೆ ಹಾದು

ಬೋಧಗಯೆಯಲ್ಲಿ ನಮ್ಮನ್ನು ಮೊದಲು ಮಾತಾಡಿಸಿದವರು ಬೈಲುಕುಪ್ಪೆಯ ಒಬ್ಬ ಭಿಕ್ಷು. ಮಹಾಬೋಧಿ ದೇವಾಲಯದ ಮೆಟ್ಟಿಲಿಳಿಯುವಾಗ ದೊಡ್ಡಮ್ಮ "ನಿಧಾನ ಪುಟ್ಟಾ, ಮಂಡಿ ಹಿಡಕೊಂಡಿದೆ" ಎಂದಿದ್ದೇ ತಡ, ಹಿಂದಿನಿಂದ "ಅಮ್ಮಾ, ಈ ಕಡೆಯಿಂದ ಬನ್ನಿ, ಇಲ್ಲಿ ಜನ ಕಮ್ಮಿ" ಎಂದು ಕನ್ನಡದ ದನಿ ಬಂತು. ಚಳಿಗಾಲದ ಪ್ರಾರ್ಥನೆಗೆಂದು ನಮ್ಡ್ರೋಲಿಂಗ್ ಮಠದಿಂದ ಬಂದ ತಂಡದವರಂತೆ. ಕುಶಾಲನಗರದ ಸಂತೆ, ಈ ಸಲದ ಜೋಳದ ಬೆಲೆ ಎಲ್ಲ ಮಾತಾಡಿ, ವಜ್ರಾಸನ ಕಾಣುವ ಕಡೆ ದೊಡ್ಡಮ್ಮನಿಗೆ ಕೂರಲು ಜಾಗ ಮಾಡಿಕೊಟ್ಟು ಹೋದರು.

ಕಲ್ಲಿನ ಕಟಾಂಜನದಾಚೆ ನಿಂತಿರುವ ಅರಳಿಮರ ಬುದ್ಧನ ಕಾಲದ್ದಲ್ಲ. ಹಳೆಯದು 1876ರ ಹೊತ್ತಿಗೆ ಗಾಳಿಗೆ ಉರುಳಿತು. ಅದರ ಸಂತತಿಯೆಂದು ನಂಬಲಾದ ಸಸಿಯನ್ನು ಪುರಾತತ್ವಜ್ಞ ಕನ್ನಿಂಗ್‌ಹ್ಯಾಮ್ ನೆಡಿಸಿದರು. ಅಶೋಕನ ಮಗಳು ಸಂಘಮಿತ್ರೆ ಮೂಲ ವೃಕ್ಷದ ಕೊಂಬೆಯೊಂದನ್ನು ಸಿಂಹಳಕ್ಕೆ ಒಯ್ದಳೆಂದು ಪರಂಪರೆ ಹೇಳುತ್ತದೆ. ಅನುರಾಧಪುರದ ಮರ ಇವತ್ತಿಗೂ ಇದೆ. ಕೊಂಬೆ ನೆಟ್ಟು ಬೆಳೆಸಿದ ಮರ ತಾಯಿಮರದ ಡಿಎನ್‌ಎಯನ್ನೇ ಹೊತ್ತಿರುತ್ತದೆ. ವ್ಯತ್ಯಾಸವೇನಾದರೂ ಇದ್ದರೆ ಅದು ಎರಡು ಸಾವಿರ ವರ್ಷಗಳಲ್ಲಿ ಜೀವಕೋಶಗಳು ನಕಲು ಮಾಡುವಾಗ ಉಳಿದುಹೋದ ತಪ್ಪುಗಳದ್ದು. ಆ ತಪ್ಪುಗಳೇ ನನ್ನ ಕೆಲಸದ ವಿಷಯ. ದೊಡ್ಡಮ್ಮನ ಕಾಯಿಲೆಯ ಮೂಲವೂ ಅವೇ.

ದೊಡ್ಡಮ್ಮ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವರು. ಬುದ್ಧನ ಕೊನೆಯ ದಿನಗಳನ್ನು ಕುರಿತ ಗೋವಿಂದ ಪೈಗಳ 'ವೈಶಾಖಿ' ಅವರಿಗೆ ಪ್ರಾಣ. ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯಾಗಿ ಚೇತರಿಸಿಕೊಂಡ ಮೇಲೆ ಅವರು ಕೇಳಿದ್ದು ಒಂದೇ: ಬುದ್ಧ ಕೊನೆಗೆ ನಡೆದ ದಾರಿಯಲ್ಲಿ ಒಮ್ಮೆ ಹೋಗಿಬರಬೇಕು. ರಾಜಗೃಹದ ಗೃಧ್ರಕೂಟದಿಂದ ಹೊರಟು ನಾಲಂದ, ಪಾಟಲಿ, ವೈಶಾಲಿ, ಪಾವಾ, ಕುಶಿನಗರ. ಕರೆದುಕೊಂಡು ಹೋಗಲು ನಾನು ಒಪ್ಪಿಕೊಂಡೆ.

ತೆಗೆದ ಗಡ್ಡೆಯನ್ನು ಪರೀಕ್ಷಿಸಿದವರು ಅದರಲ್ಲಿ ಎಂಎಸ್‌ಎಚ್2 ಎಂಬ ಪ್ರೋಟೀನ್ ಕಾಣುತ್ತಿಲ್ಲ ಎಂದು ಬರೆದಿದ್ದರು. ರಕ್ತಪರೀಕ್ಷೆಯಲ್ಲಿ ಆ ಜೀನ್ ಹುಟ್ಟಿನಿಂದಲೇ ಕೆಟ್ಟಿರುವುದು ಖಚಿತವಾಯಿತು. ಇದಕ್ಕೆ ಲಿಂಚ್ ಸಿಂಡ್ರೋಮ್ ಎನ್ನುತ್ತಾರೆ. ಹೀಗಿರುವವರಿಗೆ ದೊಡ್ಡ ಕರುಳಿನ, ಗರ್ಭಕೋಶದ ಕ್ಯಾನ್ಸರ್ ಉಳಿದವರಿಗಿಂತ ಬಹಳ ಹೆಚ್ಚಾಗಿ, ಅದೂ ಚಿಕ್ಕ ವಯಸ್ಸಿಗೇ ಬರುತ್ತದೆ. ತಂದೆ ಅಥವಾ ತಾಯಿಯಲ್ಲಿ ಇದ್ದರೆ ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ನನ್ನ ಅಮ್ಮನಿಗೆ ಬಂದಿಲ್ಲ, ಹಾಗಾಗಿ ನನಗೆ ಆ ಕಡೆಯಿಂದ ಭಯವಿಲ್ಲ. ದೊಡ್ಡಮ್ಮನ ಮಗಳು, ಹುಬ್ಬಳ್ಳಿಯ ಅಕ್ಕನಿಗೆ ಬಂದಿದೆ. ಆ ವರದಿ ಕೈಗೆ ಬಂದ ದಿನದಿಂದ ದೊಡ್ಡಮ್ಮ ಮಗಳ ಫೋನ್ ಎತ್ತುವುದನ್ನೇ ಕಡಿಮೆ ಮಾಡಿದ್ದರು. "ಏನಂತ ಮಾತಾಡಲಿ, ಕೊಟ್ಟವಳು ನಾನೇ ಅಲ್ವಾ" ಎನ್ನುತ್ತಿದ್ದರು.

ಬೋಧಗಯೆಯಿಂದ ಗಯೆ ಹತ್ತಿರ. ನಮ್ಮ ಅಜ್ಜ ಅಲ್ಲಿ ಪಿಂಡ ಹಾಕಿ ಬಂದಿದ್ದರೆಂದು ಕೇಳಿದ್ದೆವು, ಹಾಗಾಗಿ ವಿಷ್ಣುಪಾದದ ಓಣಿಗೆ ಹೋದೆವು. ಜಿಲ್ಲೆ, ಊರು, ಮನೆತನ ಹೇಳಿದರೆ ಗಯಾವಾಲ ಪಂಡಾಗಳು ಅವರವರ ಯಜಮಾನರ ವಹಿ ತೆಗೆಯುತ್ತಾರೆ. ಕೆಂಪು ಬಟ್ಟೆಯ ಹೊದಿಕೆಯ, ಮೊಳದುದ್ದದ ಪುಸ್ತಕ. ಬಹಳ ಹೊತ್ತು ಹುಡುಕಿ ಹಾಳೆಯೊಂದನ್ನು ನಮ್ಮ ಕಡೆ ತಿರುಗಿಸಿದರು. ನೀಲಿ ಶಾಯಿಯಲ್ಲಿ ಅಜ್ಜನ ಕನ್ನಡ ಸಹಿ, ಮೇಲೆ ಅವರ ಅಪ್ಪ, ಅವರ ಅಪ್ಪ. ಅಕ್ಷರಗಳ ಕೊಂಬು ದೀರ್ಘ ಎಲ್ಲ ದೊಡ್ಡಮ್ಮನ ಕೈಬರಹದ ಹಾಗೆಯೇ ಇದ್ದವು. ದೊಡ್ಡಮ್ಮ ಬೆರಳಿಟ್ಟು ಓದಿದರು, ಮತ್ತೆ ಓದಿದರು. "ಅಮ್ಮನ ಹೆಸರು ಇಲ್ಲ" ಎಂದರು.

ಆ ಹಾಳೆಯಲ್ಲಿ ಹೆಂಗಸರ ಹೆಸರೊಂದೂ ಇರಲಿಲ್ಲ. ನಮಗೆ ಬೇಕಾದ ವಂಶಾವಳಿ ಮಾತ್ರ ಅಜ್ಜಿಯ ಕಡೆಯದು. ಅಜ್ಜಿ ಹೋದದ್ದು ಗರ್ಭಕೋಶದ ಕ್ಯಾನ್ಸರಿನಿಂದ. ಅಜ್ಜಿಯ ತಾಯಿ "ಹೊಟ್ಟೆಯಲ್ಲಿ ಗಂಟು" ಎದ್ದು ತೀರಿಕೊಂಡರಂತೆ, ಎಷ್ಟನೇ ವಯಸ್ಸಿಗೆ ಎಂದು ಹೇಳುವವರು ಈಗ ಯಾರೂ ಇಲ್ಲ. ಜೆನೆಟಿಕ್ ಕೌನ್ಸೆಲರ್ ಮೂರು ತಲೆಮಾರಿನ ನಕ್ಷೆ ಬರೆಯಲು ಕೂತಾಗ ಖಾಲಿ ಉಳಿದ ಜಾಗಗಳೆಲ್ಲ ಹೆಂಗಸರವೇ. ನಮ್ಮ ಮನೆಗಳಲ್ಲಿ ಹೆಂಗಸರ ಸಾವಿನ ಕಾರಣ ಯಾರೂ ಬರೆದಿಡದೆ ಹೋದದ್ದರಿಂದ ಎಷ್ಟು ಜೀವ ಹೋಯಿತೋ ಎಂದು ನನಗೆ ನಿಜವಾಗಿ ಸಂಕಟವಾಗುತ್ತದೆ.

ರಾಜಗೀರ್‌ನಲ್ಲಿ ಬಿಸಿನೀರಿನ ಕುಂಡ, ರೋಪ್‌ವೇ, ಶಾಂತಿಸ್ತೂಪ ಎಲ್ಲ ನೋಡಿದೆವು; ಜನಜಂಗುಳಿ ಬಿಟ್ಟರೆ ಹೇಳುವಂಥದ್ದೇನಿಲ್ಲ. ಗೃಧ್ರಕೂಟಕ್ಕೆ ಹೋಗುವ ರಸ್ತೆಯ ಬದಿಗೆ ಜೀವಕಾಮ್ರವನ ಇದೆ. ಬುದ್ಧನ ವೈದ್ಯ ಜೀವಕ ಸಂಘಕ್ಕೆ ಕೊಟ್ಟ ಮಾವಿನ ತೋಪು. ಈಗ ಉಳಿದಿರುವುದು ಮೊಟ್ಟೆಯಾಕಾರದ ಉದ್ದನೆಯ ಕಟ್ಟಡಗಳ ಕಲ್ಲಿನ ತಳಪಾಯ, ಸುತ್ತ ಹುಲ್ಲು. ದೊಡ್ಡಮ್ಮ ಆ ಕಲ್ಲಿನ ಮೇಲೆ ಕೂತು ಕೇಳಿದರು: "ನನ್ನ ಕಾಯಿಲೆ ಮೊದಲು ಯಾರಿಗೆ ಗೊತ್ತಾಗಿದ್ದು?"

ಹೇಳಿದೆ. 1895ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞ ಆಲ್ಡ್ರೆಡ್ ವಾರ್ಥಿನ್‌ಗೆ ಅವರ ಮನೆಯ ಬಟ್ಟೆ ಹೊಲಿಯುತ್ತಿದ್ದ ಹೆಂಗಸು, ನಮ್ಮ ಮನೆಯವರೆಲ್ಲ ಹೊಟ್ಟೆಯ, ಗರ್ಭಕೋಶದ ಕ್ಯಾನ್ಸರಿನಿಂದ ಹೋಗುತ್ತಾರೆ, ನಾನೂ ಹಾಗೆಯೇ ಹೋಗುತ್ತೇನೆ ಎಂದಳು. ಆಕೆ ಹೇಳಿದ ಹಾಗೆಯೇ ಆಯಿತು. ವಾರ್ಥಿನ್ ಆಕೆಯ ಬಂಧುಗಳ ವಿವರ ಕಲೆಹಾಕಿ 1913ರಲ್ಲಿ 'ಕುಟುಂಬ ಜಿ' ಎಂದು ಪ್ರಕಟಿಸಿದರು. 1966ರಲ್ಲಿ ಹೆನ್ರಿ ಲಿಂಚ್ ಇಂಥವೇ ಇನ್ನೆರಡು ಕುಟುಂಬಗಳನ್ನು ಮುಂದಿಟ್ಟರು. ಕ್ಯಾನ್ಸರ್ ವಂಶದಲ್ಲಿ ಇಳಿದುಬರುತ್ತದೆಂದರೆ ಆಗ ನಂಬುವವರು ಕಡಿಮೆ. ಲಿಂಚ್ ಪಟ್ಟು ಬಿಡಲಿಲ್ಲ, ಕುಟುಂಬಗಳ ಬೆನ್ನು ಹತ್ತಿ ದಾಖಲೆ ಸೇರಿಸುತ್ತಲೇ ಹೋದರು.

"ಹೊಲಿಗೆಯವಳಿಗೆ ಮೊದಲೇ ಗೊತ್ತಿತ್ತು" ಎಂದು ದೊಡ್ಡಮ್ಮ ಎದ್ದರು.

ಕುಟುಂಬಗಳು ಸಿಕ್ಕರೂ ಕಾರಣ ಸಿಗಲು 1993 ಬರಬೇಕಾಯಿತು. ಅದು ಸಿಕ್ಕ ಬಗೆಯನ್ನು ನಾಲಂದದಲ್ಲಿ ಹೇಳಲು ಸುಲಭವಾಯಿತು. ಕೆಂಪು ಇಟ್ಟಿಗೆಯ ಆ ವಿಹಾರಗಳ ಸಾಲಿನಲ್ಲಿ, ಅಂಗಳದ ಸುತ್ತಲಿನ ಪುಟ್ಟ ಪುಟ್ಟ ಕೋಣೆಗಳಲ್ಲಿ ಒಂದು ಕಾಲಕ್ಕೆ ಓಲೆಗರಿಗಳ ಪ್ರತಿ ಮಾಡುತ್ತಿದ್ದರು. ಇಲ್ಲಿ ಓದಿದ್ದ ಹ್ಯುಯೆನ್ ತ್ಸಾಂಗ್ ಭಾರತದಿಂದ ಚೀನಕ್ಕೆ ಒಯ್ದ ಗ್ರಂಥಗಳು 657. ಲಿಪಿಕಾರ ಎಷ್ಟೇ ಜಾಣನಾದರೂ ಎಲ್ಲೋ ಒಂದಕ್ಷರ ತಪ್ಪುತ್ತಾನೆ, ತಿದ್ದುವವನೊಬ್ಬ ಬೇಕು. ತಿದ್ದುವವನ ಮುಂದೆ ಎರಡು ಓಲೆ ಇವೆ, ಒಂದಕ್ಷರ ತಾಳೆಯಾಗುತ್ತಿಲ್ಲ. ಯಾವುದು ಮೂಲ, ಯಾವುದು ಪ್ರತಿ? ಮಸಿ ಇನ್ನೂ ಹಸಿಯಿರುವುದೇ ಪ್ರತಿ.

ಇ. ಕೋಲೈ ಬ್ಯಾಕ್ಟೀರಿಯಾ ಮಾಡುವುದು ಇದನ್ನೇ. ಅದರ ಡಿಎನ್‌ಎಯಲ್ಲಿ ಸುಮಾರು 46 ಲಕ್ಷ ಅಕ್ಷರ ಜೋಡಿಗಳು. ಹಳೆಯ ಎಳೆಯಲ್ಲಿ ಜಿಎಟಿಸಿ ಎಂಬ ಅನುಕ್ರಮ ಇರುವಲ್ಲೆಲ್ಲ ಒಂದು ಮೀಥೈಲ್ ಗುರುತು ಇರುತ್ತದೆ. ಹೊಸ ಎಳೆಗೆ ಆ ಗುರುತು ಬೀಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಷ್ಟರೊಳಗೆ ಮ್ಯೂಟ್‌ಎಸ್ ಎಂಬ ಪ್ರೋಟೀನ್ ತಾಳೆಯಾಗದ ಜೋಡಿಯನ್ನು ಹಿಡಿಯುತ್ತದೆ, ಮ್ಯೂಟ್‌ಎಲ್ ಜೊತೆಗೂಡುತ್ತದೆ, ಮ್ಯೂಟ್‌ಎಚ್ ಗುರುತಿಲ್ಲದ ಎಳೆಯನ್ನು ಕತ್ತರಿಸುತ್ತದೆ. ಆ ತುಂಡು ಹೋಗಿ ಸರಿಯಾದದ್ದು ತುಂಬಿಕೊಳ್ಳುತ್ತದೆ. ಡ್ಯೂಕ್ ವಿಶ್ವವಿದ್ಯಾಲಯದ ಪಾಲ್ ಮೊಡ್ರಿಚ್ 1989ರಲ್ಲಿ ಈ ಇಡೀ ಕೆಲಸವನ್ನು ಶುದ್ಧೀಕರಿಸಿದ ಪ್ರೋಟೀನುಗಳಿಂದ ಪ್ರನಾಳದಲ್ಲಿ ಮಾಡಿ ತೋರಿಸಿದರು. 2015ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅವರಿಗೂ ಪಾಲು ಬಂತು.

ಪ್ರಯೋಗಾಲಯದಲ್ಲಿ ನಾನು ದಿನವೂ ನೋಡುವುದು ಇದರ ಇನ್ನೊಂದು ಮಗ್ಗುಲು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಬೆರೆಸಿದ ಅಗರ್ ತಟ್ಟೆಗೆ ಕಿತ್ತಳೆಗೆಂಪು ಬಣ್ಣ. ಅದರ ಮೇಲೆ ಮಾಮೂಲಿ ಇ. ಕೋಲೈ ಹರಡಿ ಮಾರನೆಯ ಬೆಳಿಗ್ಗೆ ನೋಡಿದರೆ ಬೆರಳೆಣಿಕೆಯ ಚುಕ್ಕೆಗಳು; ಸುಮಾರು ಹತ್ತು ಕೋಟಿಗೆ ಒಂದು ಜೀವಕೋಶ ಮಾತ್ರ ತಪ್ಪು ನಕಲಿನ ದೆಸೆಯಿಂದ ಔಷಧಿಗೆ ಬಗ್ಗದೆ ಉಳಿದಿರುತ್ತದೆ. ಮ್ಯೂಟ್‌ಎಸ್ ಇಲ್ಲದ ತಳಿಯನ್ನು ಹರಡಿದ ತಟ್ಟೆಯಲ್ಲಿ ಚುಕ್ಕೆಗಳು ಒತ್ತೊತ್ತಾಗಿ ಎದ್ದಿರುತ್ತವೆ, ನೂರು ಪಟ್ಟಿಗೂ ಹೆಚ್ಚು. ಎರಡು ತಟ್ಟೆಯನ್ನೂ ಪಕ್ಕಪಕ್ಕ ಇಟ್ಟ ಫೋಟೋ ನನ್ನ ಫೋನಿನಲ್ಲಿತ್ತು. ನಾಲಂದದ ಮೆಟ್ಟಿಲ ಮೇಲೆ ಕೂತು ತೋರಿಸಿದೆ. ದೊಡ್ಡಮ್ಮ ಕನ್ನಡಕ ಏರಿಸಿ ನೋಡುತ್ತಲೇ ಇದ್ದರು. "ನನ್ನ ಹೊಟ್ಟೆಯಲ್ಲಿ ಆಗಿದ್ದು ಇದಾ?"

ಹೌದು, ಇದೇ. ಯೀಸ್ಟ್‌ನಲ್ಲಿ ಇದೇ ರಿಪೇರಿ ವ್ಯವಸ್ಥೆ ಕೆಡಿಸಿದಾಗ ಡಿಎನ್‌ಎಯ ಪುನರಾವರ್ತಿತ ತುಣುಕುಗಳು ಉದ್ದಗಿಡ್ಡವಾಗುತ್ತವೆ ಎಂದು 1993ರಲ್ಲಿ ಕಂಡಿತು. ಅದೇ ವರ್ಷ ಇಂಥ ಕುಟುಂಬಗಳ ಕರುಳಿನ ಗಡ್ಡೆಗಳಲ್ಲೂ ಅಂಥದೇ ಏರುಪೇರು ಕಂಡಿತ್ತು. ಬ್ಯಾಕ್ಟೀರಿಯಾ, ಯೀಸ್ಟ್ ಗೊತ್ತಿದ್ದವರು ಎರಡನ್ನೂ ಜೋಡಿಸಿದರು. ವರ್ಷ ಮುಗಿಯುವಷ್ಟರಲ್ಲಿ ಮ್ಯೂಟ್‌ಎಸ್‌ನ ಮಾನವ ಸೋದರ ಎಂಎಸ್‌ಎಚ್2 ಸಿಕ್ಕಿತು, ಮರುವರ್ಷ ಮ್ಯೂಟ್‌ಎಲ್‌ನ ಸೋದರ ಎಂಎಲ್‌ಎಚ್1. ಬ್ಯಾಕ್ಟೀರಿಯಾದ ಮೇಲೆ ಇಷ್ಟು ದುಡ್ಡು ಸುರಿದು ಏನು ಉಪಯೋಗ ಎಂದು ನನ್ನನ್ನು ಕೇಳದ ನೆಂಟರಿಲ್ಲ. ದೊಡ್ಡಮ್ಮನ ಗಡ್ಡೆಯಲ್ಲಿ ಯಾವ ಪ್ರೋಟೀನ್ ಹುಡುಕಬೇಕೆಂದು ವೈದ್ಯರಿಗೆ ಗೊತ್ತಿದ್ದದ್ದು ಆ ದುಡಿಮೆಯಿಂದಲೇ.

ಪಟ್ನಾ ದಾಟಿ ಗಂಗೆಯ ಸೇತುವೆಯ ಮೇಲೆ ಟ್ರಕ್ಕುಗಳ ಹಿಂದೆ ತೆವಳಿ ವೈಶಾಲಿ ಸೇರಿದೆವು. ಕೊಲ್ಹುವಾದಲ್ಲಿ ಅಶೋಕನ ಕಂಬ, ಮೇಲೆ ಒಂಟಿ ಸಿಂಹ, ಮುಖ ಉತ್ತರಕ್ಕೆ. ಮೂರು ತಿಂಗಳಲ್ಲಿ ದೇಹ ಬಿಡುವೆನೆಂದು ಬುದ್ಧ ಹೇಳಿದ್ದು ವೈಶಾಲಿಯಲ್ಲೇ. ಆಗ ಅವನಿಗೆ ಎಂಬತ್ತು ವರ್ಷ. ಕೇಸರಿಯಾದ ಮಹಾಸ್ತೂಪವನ್ನು ಕಾರಿನಿಂದ ಇಳಿದು ಒಂದು ಸುತ್ತು ಹಾಕಿದ್ದಷ್ಟೇ.

ಆ ದಾರಿಯುದ್ದಕ್ಕೂ ದೊಡ್ಡಮ್ಮನ ಪ್ರಶ್ನೆಗಳು ಅಕ್ಕನ ಬಗ್ಗೆ. ನಾನು ಗೊತ್ತಿದ್ದನ್ನೆಲ್ಲ ಹೇಳಿದೆ. ವರ್ಷಕ್ಕೊಮ್ಮೆ, ತಪ್ಪಿದರೆ ಎರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಮಾಡಿಸಿದರೆ ಪಾಲಿಪ್ ಇರುವಾಗಲೇ ತೆಗೆದುಹಾಕಬಹುದು, ಅದು ಕ್ಯಾನ್ಸರ್ ಆಗುವ ತನಕ ಕಾಯಬೇಕಿಲ್ಲ. ಅಕ್ಕನಿಗೆ ಹಾಗೆ ಒಂದನ್ನು ತೆಗೆದಾಗಿದೆ. ಲಿಂಚ್ ಸಿಂಡ್ರೋಮ್ ಇರುವವರು ಆಸ್ಪಿರಿನ್ ಅನ್ನು ಎರಡು ವರ್ಷವಾದರೂ ತೆಗೆದುಕೊಂಡರೆ ಮುಂದಿನ ವರ್ಷಗಳಲ್ಲಿ ಕರುಳಿನ ಕ್ಯಾನ್ಸರ್ ಕಡಿಮೆಯಾಗುತ್ತದೆಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಎಷ್ಟು, ಯಾರಿಗೆ ಎಂದು ವೈದ್ಯರೇ ಹೇಳಬೇಕು. ಕ್ಯಾನ್ಸರ್ ಬಂದೇಬಿಟ್ಟರೂ ತಪ್ಪುಗಳು ತುಂಬಿದ ಇಂಥ ಗಡ್ಡೆಯನ್ನು ದೇಹದ ರೋಗನಿರೋಧಕ ಶಕ್ತಿ ಪರಕೀಯವೆಂದು ಸುಲಭವಾಗಿ ಗುರುತಿಸುತ್ತದೆ. ಅದರ ತಡೆ ಬಿಡಿಸುವ ಪೆಂಬ್ರೊಲಿಜುಮಾಬ್ ಎಂಬ ಔಷಧಿಗೆ, ಗಡ್ಡೆ ಯಾವ ಅಂಗದಲ್ಲೇ ಇರಲಿ ಈ ದೋಷ ಇದ್ದರೆ ಸಾಕೆಂದು, 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಎಲ್ಲ ಕೇಳಿಸಿಕೊಂಡು ದೊಡ್ಡಮ್ಮ, "ಇಷ್ಟೆಲ್ಲ ಇದ್ದರೂ ಕೊಟ್ಟಿದ್ದು ಕೊಟ್ಟಿದ್ದೇ" ಎಂದು ಕಿಟಕಿಯ ಕಡೆ ತಿರುಗಿದರು.

ಫಾಜಿಲನಗರ ಹೆದ್ದಾರಿಯ ಬದಿಯ ಊರು. ಪಾವಾ ಇದೇ ಎಂದವರು ಕನ್ನಿಂಗ್‌ಹ್ಯಾಮ್‌ರ ಸಹಾಯಕ ಕಾರ್ಲೈಲ್. ಕನ್ನಿಂಗ್‌ಹ್ಯಾಮ್ ಮಾತ್ರ ಪಡ್ರೌನಾ ಎಂದಿದ್ದರು. ಮನೆಗಳ ನಡುವೆ ಇಟ್ಟಿಗೆಯ ಹಳೆಯ ದಿಬ್ಬ. ಮೇಲೆ ಆಡುಗಳು ಮೇಯುತ್ತಿದ್ದವು, ಪಕ್ಕದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಕಮ್ಮಾರ ಚುಂದನ ಮನೆಯಲ್ಲಿ ಬುದ್ಧ ಕೊನೆಯ ಊಟ ಮಾಡಿದ್ದು ಪಾವಾದಲ್ಲಿ. ಊಟವಾದ ಮೇಲೆ ರಕ್ತಭೇದಿ, ತಡೆಯಲಾರದ ನೋವು. ಆ ಸ್ಥಿತಿಯಲ್ಲೇ ಕುಶಿನಗರಕ್ಕೆ ಹೊರಟ.

ದೊಡ್ಡಮ್ಮ ದಿಬ್ಬದ ಬುಡದಲ್ಲಿ ನಿಂತು, ತರಗತಿಯಲ್ಲಿ ಹೇಳುತ್ತಿದ್ದ ದನಿಯಲ್ಲೇ ಮುಂದಿನದನ್ನು ನನಗೆ ಹೇಳಿದರು. ದಾರಿಯಲ್ಲಿ ಬುದ್ಧ ಶಿಷ್ಯ ಆನಂದನನ್ನು ಕರೆದು ಒಂದು ಮಾತು ಹೇಳಿಡುತ್ತಾನೆ. ನನ್ನ ಊಟದಿಂದ ಹೀಗಾಯಿತಲ್ಲ ಎಂದು ಚುಂದ ಕೊರಗಬಾರದು, ಯಾರೂ ಅವನನ್ನು ಆಡಿಕೊಳ್ಳಬಾರದು. ಜ್ಞಾನೋದಯಕ್ಕೆ ಮೊದಲು ಉಂಡ ಊಟ, ಕೊನೆಗೆ ಉಂಡ ಈ ಊಟ, ಎರಡರ ಪುಣ್ಯವೂ ಸಮ ಎಂದು ಅವನಿಗೆ ಹೇಳು. "ಅಷ್ಟು ನೋವಿನಲ್ಲೂ ಅವನಿಗೆ ಬಡಿಸಿದವನ ಚಿಂತೆ" ಎಂದು ದೊಡ್ಡಮ್ಮ ಸುಮ್ಮನಾದರು. ನಾನು ಸೇರಿಸಬೇಕಾದ್ದೇನೂ ಇರಲಿಲ್ಲ. ಅಂಡಾಣು ಕಟ್ಟುವಾಗ ಎರಡು ಪ್ರತಿಗಳಲ್ಲಿ ಯಾವುದು ಹೋಗಬೇಕೆಂದು ಯಾವ ತಾಯಿಯೂ ಆರಿಸುವುದಿಲ್ಲ ಎಂದು ಮನೆಯಲ್ಲಿ ಎಷ್ಟೋ ಸಲ ಹೇಳಿದ್ದೆ. ಅದು ಅವರ ಒಳಗೆ ಇಳಿದಿರಲಿಲ್ಲ.

ಕುಶಿನಗರದ ಪರಿನಿರ್ವಾಣ ಮಂದಿರದಲ್ಲಿ ಬುದ್ಧ ಬಲಮಗ್ಗುಲಾಗಿ ಮಲಗಿದ್ದಾನೆ. ಆರು ಮೀಟರಿಗೂ ಉದ್ದ, ತಲೆ ಉತ್ತರಕ್ಕೆ. ಐದನೆಯ ಶತಮಾನದಲ್ಲಿ ಹರಿಬಲನೆಂಬ ಭಿಕ್ಷು ಮಾಡಿಸಿದ್ದು. ಯಾತ್ರಿಕರು ಹೊದಿಸಿದ ಹೊಂಬಣ್ಣದ ಬಟ್ಟೆ ಕುತ್ತಿಗೆಯವರೆಗೆ ಬಂದಿತ್ತು, ಪಾದ ಮಾತ್ರ ಹೊರಗಿದ್ದವು. ಥಾಯ್ ಯಾತ್ರಿಕರ ಗುಂಪಿನ ಹಿಂದೆ ನಾವೂ ನಿಧಾನ ಸುತ್ತು ಬಂದೆವು.

ಗೋರಖಪುರದ ರೈಲಿಗೆ ಹೊರಟಾಗ ಕಾರಿನಲ್ಲಿ ದೊಡ್ಡಮ್ಮನೇ ಹುಬ್ಬಳ್ಳಿಗೆ ಫೋನ್ ಹಚ್ಚಿದರು. ಮಗಳ ಮುಂದಿನ ಪರೀಕ್ಷೆ ಯಾವಾಗ, ಹಿಂದಿನ ದಿನ ಏನು ತಿನ್ನಬಾರದು, ಜೊತೆಗೆ ಯಾರು ಬರುತ್ತಾರೆ ಎಂದೆಲ್ಲ ವಿಚಾರಿಸಿ, ಆ ವಾರ ನಾನೇ ಬಂದು ಇರುತ್ತೇನೆ ಎಂದರು. ಫೋನಿಟ್ಟು ನನ್ನ ಕಡೆ ತಿರುಗಿ, "ಪುಸ್ತಕ ತೆಗಿ, ಅಮ್ಮನ ಕಡೆಯವರದ್ದೆಲ್ಲ ಬರಕೋ" ಎಂದರು. ಅಜ್ಜಿಯ ಅಕ್ಕ, ತಂಗಿ, ತಮ್ಮ, ಅವರ ಮಕ್ಕಳು ಮೊಮ್ಮಕ್ಕಳು, ಯಾರು ಎಲ್ಲಿದ್ದಾರೆ, ಯಾರು ಯಾವ ವಯಸ್ಸಿಗೆ ಯಾವುದರಿಂದ ಹೋದರು. ಹೆಂಗಸರಿಂದ ಶುರು ಮಾಡಿದರು. "ಮಾವನ ಎರಡನೇ ಮಗ ಮುಂಗೋಪಿ, ಅವನಿಗೆ ನಾನೇ ಹೇಳ್ತೀನಿ. ಶಿರಸಿಯವಳಿಗೆ ನೀನು ಹೇಳು, ಓದಿಕೊಂಡವಳು, ಆ ತಟ್ಟೆಯ ಫೋಟೋ ತೋರಿಸು." ರೈಲ್ವೆ ಸ್ಟೇಷನ್ ಬರುವಷ್ಟರಲ್ಲಿ ಎರಡು ಪುಟ ತುಂಬಿತ್ತು, ಇನ್ನೂ ತೀರ್ಥಹಳ್ಳಿಯವರು ಬಾಕಿಯಿದ್ದರು.