ಹಿಮದ ನಾಡಿನ ಹುಂಜ

ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ, ಮಾಂಟ್ರಿಯಲ್ ನಗರದ ಪಶ್ಚಿಮಕ್ಕೆ, ‘ಎರಡು ಬೆಟ್ಟಗಳ ಸರೋವರ’ದ ದಡದಲ್ಲಿ ಓಕಾ ಎಂಬ ಪುಟ್ಟ ಊರಿದೆ. ಬೇಸಿಗೆಯಲ್ಲಿ ಸೇಬಿನ ತೋಟಗಳಿಂದ ನಳನಳಿಸುವ ಈ ಸೀಮೆ, ಜನವರಿ ಬಂತೆಂದರೆ ಗುರುತೇ ಸಿಗದಂತೆ ಹಿಮದ ಹೊದಿಕೆಯೊಳಗೆ ಅಡಗಿಬಿಡುತ್ತದೆ. ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಅಲ್ಲಿ ಅಪರೂಪವಲ್ಲ. ಇಂಥ ನಾಡಿನಲ್ಲಿ ಚೆಲುವಿಗೆ ಮರುಳಾಗಿ ಕೋಳಿ ಸಾಕುವವರ ಪಾಡು ಹೇಳತೀರದು.

ಚೆಂದದ ಕೋಳಿಗೆ ಅದರ ಚೆಂದವೇ ಶತ್ರು. ಲೆಗ್‌ಹಾರ್ನ್ ಹುಂಜದ ನೀಳವಾದ ಕೆಂಪು ಜುಟ್ಟು ಹಿಮಕಡಿತಕ್ಕೆ ಸಿಕ್ಕಿ, ತುದಿ ಕಪ್ಪಾಗಿ ಉದುರುತ್ತದೆ. ಪೋಲಿಷ್ ಕೋಳಿಯ ತಲೆಯ ಮೇಲಿನ ಗರಿಯ ಗೊಂಡೆ ನೀರು ಕುಡಿಯುವಾಗ ನೆನೆದು ಮಂಜುಗಡ್ಡೆಯಾಗುತ್ತದೆ. ಸಿಲ್ಕಿಯ ರೇಷ್ಮೆಯಂಥ ಗರಿಗಳಿಗೆ ನೀರನ್ನು ತಡೆಯುವ ಶಕ್ತಿಯಿಲ್ಲ. ನಮ್ಮ ಬ್ರಹ್ಮಪುತ್ರಾ ನದಿಯ ಹೆಸರನ್ನು ಹೊತ್ತ ಬ್ರಹ್ಮ ಕೋಳಿ ದಪ್ಪ ಮೈಯದು, ಚಿಕ್ಕ ಜುಟ್ಟಿನದು, ಚಳಿಗೆ ಅಷ್ಟಾಗಿ ಅಂಜದು. ಆದರೆ ಅದರ ಪಾದದ ಗರಿಗಳಿಗೂ ಹಿಮದ ಉಂಡೆಗಳು ಅಂಟಿಕೊಳ್ಳುತ್ತವೆ.

ಚಳಿಗೆ ಹೆದರಿ ಗೂಡಿನ ಕಿಂಡಿಗಳನ್ನೆಲ್ಲ ಮುಚ್ಚುವುದು ಹೊಸಬರ ಮೊದಲ ಕೆಲಸ. ಅದರಿಂದ ಹಾನಿಯೇ ಹೆಚ್ಚು. ಕೋಳಿಗಳ ಉಸಿರಿನಿಂದಲೂ ಹಿಕ್ಕೆಯಿಂದಲೂ ಏಳುವ ತೇವ ಹೊರಹೋಗದೆ ಜುಟ್ಟಿನ ಮೇಲೆ ಕುಳಿತು ಹೆಪ್ಪುಗಟ್ಟುತ್ತದೆ. ಒಣಚಳಿಯನ್ನು ಕೋಳಿ ಸಹಿಸೀತು, ತೇವದ ಚಳಿಯನ್ನು ಸಹಿಸದು. ಆದುದರಿಂದ ಅನುಭವಿಗಳು ಕೋಳಿಗಳು ಕೂರುವ ಅಡ್ಡಗೋಲಿಗಿಂತ ಮೇಲೆ ಗಾಳಿಯ ಕಿಂಡಿಗಳನ್ನು ತೆರೆದೇ ಇಡುತ್ತಾರೆ. ಅಡ್ಡಗೋಲು ಅಗಲವಾಗಿದ್ದರೆ ಕೋಳಿ ತನ್ನ ಕಾಲ್ಬೆರಳುಗಳನ್ನು ಹೊಟ್ಟೆಯ ಗರಿಗಳಲ್ಲಿ ಮುಚ್ಚಿಕೊಂಡು ಮಲಗುತ್ತದೆ. ಬೆಚ್ಚಗಿರಲೆಂದು ವಿದ್ಯುದ್ದೀಪ ತೂಗುಹಾಕಿದರೆ, ಅದು ಒಣಹುಲ್ಲಿನ ಮೇಲೆ ಬಿದ್ದು ಗೂಡಿಗೆ ಗೂಡೇ ಸುಟ್ಟುಹೋಗುವ ಭಯವಿದೆ.

ಈ ಕಷ್ಟಕ್ಕೆ ಬೇರೊಂದು ಬಗೆಯ ಪರಿಹಾರ ಹುಡುಕಿದವನು ಒಬ್ಬ ಸಂನ್ಯಾಸಿ. ಓಕಾದಲ್ಲಿ 1881ರಲ್ಲಿ ಸ್ಥಾಪನೆಯಾದ ಟ್ರಾಪಿಸ್ಟ್ ಮಠದ ಬ್ರದರ್ ವಿಲ್ಫ್ರಿಡ್ 1908ರಲ್ಲಿ ತಳಿಸಂಕರದ ಕಾರ್ಯವನ್ನು ಆರಂಭಿಸಿದನು. ಕಾರ್ನಿಷ್, ಲೆಗ್‌ಹಾರ್ನ್, ರೋಡ್ ಐಲೆಂಡ್ ರೆಡ್, ವಯಾಂಡಾಟ್, ಪ್ಲಿಮತ್ ರಾಕ್ ಎಂಬ ಐದು ತಳಿಗಳನ್ನು ಬೆರೆಸಿ, ಹತ್ತು ವರ್ಷಗಳ ತಾಳ್ಮೆಯ ಫಲವಾಗಿ 1918ರಲ್ಲಿ ಹೊಸ ಬಿಳಿಯ ಕೋಳಿಯನ್ನು ಲೋಕದ ಮುಂದಿಟ್ಟನು. ತಲೆಗೆ ಅಂಟಿದ ಪುಟ್ಟ ಮೆತ್ತೆಯಂಥ ಜುಟ್ಟು. ಗಲ್ಲದ ಜೋಲು ಇದ್ದೂ ಇಲ್ಲದಂತೆ. ಚಳಿ ಕಚ್ಚಲು ಏನನ್ನೂ ಉಳಿಸದ ಈ ಹಕ್ಕಿಗೆ ‘ಶಾಂತ್‌ಕ್ಲೇರ್’ ಎಂದು ಹೆಸರಾಯಿತು. ಫ್ರೆಂಚ್ ಭಾಷೆಯಲ್ಲಿ ‘ಸ್ಪಷ್ಟವಾಗಿ ಹಾಡುವುದು’ ಎಂಬ ಭಾವ. ಅಮೆರಿಕದ ತಳಿಪಟ್ಟಿಯಲ್ಲಿ 1921ರಲ್ಲಿ ಅದಕ್ಕೆ ಸ್ಥಾನ ದೊರೆಯಿತು.

ಕಾಲಕ್ರಮದಲ್ಲಿ ವ್ಯಾಪಾರದ ಸಂಕರತಳಿಗಳ ಮುಂದೆ ಶಾಂತ್‌ಕ್ಲೇರ್ ವಿರಳವಾಯಿತು. 1999ರಲ್ಲಿ ಕ್ವಿಬೆಕ್ ಅದನ್ನು ತನ್ನ ಪರಂಪರೆಯ ತಳಿಯೆಂದು ಮನ್ನಿಸಿತು. ಸಂನ್ಯಾಸಿಗಳು 2009ರಲ್ಲಿ ಓಕಾವನ್ನು ತೊರೆದರು. ಅವರ ಕೋಳಿ ಮಾತ್ರ ಅಕ್ಕರೆಯುಳ್ಳವರ ಹಿತ್ತಿಲುಗಳಲ್ಲಿ ಉಳಿದಿದೆ. ಹಾಗೆಂದು ಸಿಲ್ಕಿಯ ರೇಷ್ಮೆಗೂ ಪೋಲಿಷ್‌ನ ಗೊಂಡೆಗೂ ಮನಸೋತವರು ಕಡಿಮೆಯಾಗಿಲ್ಲ. ಯಾವ ತಳಿಯಾದರೂ ಸರಿಯೆ, ಜನವರಿಯ ನಸುಕಿನಲ್ಲಿ ಬಿಸಿನೀರಿನ ಬಕೆಟ್ ಹಿಡಿದು ಹಿಮ ತುಳಿಯುತ್ತ ಗೂಡಿನತ್ತ ನಡೆಯುವ ಕೆಲಸ ಸಾಕುವವರಿಗೆ ತಪ್ಪಿದ್ದಲ್ಲ.